ಬೀಗ, ಕೀಲಿ, ಕಟಕಟೆ: ಎನ್‌ಕ್ರಿಪ್ಷನ್ ಮೊಕದ್ದಮೆಗಳಲ್ಲಿ ತಂತ್ರಜ್ಞ ಸ್ವಯಂಸೇವಕರು

2000ದ ಜುಲೈನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ಆರು ದಿನ ಒಂದು ವಿಚಾರಣೆ ನಡೆಯಿತು. ವಾದಿಗಳು ಹಾಲಿವುಡ್ಡಿನ ಎಂಟು ಸ್ಟುಡಿಯೋಗಳು. ಪ್ರತಿವಾದಿ ‘2600’ ಎಂಬ ಹ್ಯಾಕರ್ ಪತ್ರಿಕೆಯ ಪ್ರಕಾಶಕ ಎರಿಕ್ ಕಾರ್ಲಿ. ಅವನು ಸಿನಿಮಾ ಕದ್ದನೆಂದು ಯಾರೂ ದೂರಲಿಲ್ಲ. ಡಿವಿಡಿಯ ಬೀಗ ಬಿಚ್ಚುವ ‘ಡಿಸಿಎಸ್‌ಎಸ್’ ಎಂಬ ಪುಟ್ಟ ತಂತ್ರಾಂಶವನ್ನು ತನ್ನ ಜಾಲತಾಣದಲ್ಲಿ ಇಟ್ಟಿದ್ದ, ಅದು ಸಿಗುವ ಬೇರೆ ತಾಣಗಳಿಗೂ ದಾರಿ ತೋರಿಸಿದ್ದ ಎಂಬುದಷ್ಟೇ ದೂರು.

ಇಂಥ ಮೊಕದ್ದಮೆಯಲ್ಲಿ ವಕೀಲರಿಗೆ ದತ್ತಾಂಶವನ್ನು ಮುಚ್ಚುವ ಸ್ಟ್ರೀಮ್ ಸೈಫರ್ ಎಂದರೇನೆಂದು ಗೊತ್ತಿರುವುದಿಲ್ಲ, ಸೈಫರ್ ಬರೆಯುವವರಿಗೆ ಅಫಿಡವಿಟ್ ಬರೆಯಲು ಬರುವುದಿಲ್ಲ. ಇವೆರಡು ದಡಗಳ ನಡುವೆ ಹರಿಗೋಲು ಹಾಕಿದವರು ಕೆಲವು ಪ್ರಾಧ್ಯಾಪಕರು, ಪ್ರೋಗ್ರಾಮರ್‌ಗಳು, ವಿದ್ಯಾರ್ಥಿಗಳು. ಅವರ ಕೆಲಸ ಎಲ್ಲಿ ಫಲಿಸಿತು, ಎಲ್ಲಿ ಫಲಿಸಲಿಲ್ಲ ಎಂಬುದನ್ನು ಈ ಪ್ರಕರಣದಲ್ಲಿ ನೋಡಿದಷ್ಟು ಸ್ಪಷ್ಟವಾಗಿ ಬೇರೆಡೆ ನೋಡಲು ಸಿಗುವುದು ಕಷ್ಟ.

ಬೀಗದ ಒಳಗೆ

ಡಿವಿಡಿ ಮೊದಲು ಮಾರುಕಟ್ಟೆಗೆ ಬಂದದ್ದು 1996ರ ಕೊನೆಯಲ್ಲಿ, ಜಪಾನಿನಲ್ಲಿ. ಅದರ ಬೀಗದ ಹೆಸರು ಕಂಟೆಂಟ್ ಸ್ಕ್ರಾಂಬ್ಲಿಂಗ್ ಸಿಸ್ಟಮ್, ಚಿಕ್ಕದಾಗಿ ಸಿಎಸ್‌ಎಸ್. ಪ್ಲೇಯರ್ ತಯಾರಿಸುವ ಪ್ರತಿ ಕಂಪನಿಗೂ ಪರವಾನಗಿಯ ಜೊತೆಗೆ ಗುಟ್ಟಿನ ಕೀಲಿಗಳು ಸಿಗುತ್ತಿದ್ದವು. ಪ್ರತಿ ಡಿಸ್ಕಿಗೂ ತನ್ನದೇ ಒಂದು ಕೀಲಿ ಇರುತ್ತಿತ್ತು. ಆ ಡಿಸ್ಕ್ ಕೀಲಿಯನ್ನು 400ಕ್ಕೂ ಹೆಚ್ಚು ಪ್ಲೇಯರ್ ಕೀಲಿಗಳಿಂದ ಬೇರೆಬೇರೆಯಾಗಿ ಮುಚ್ಚಿ, ಆ ಎಲ್ಲ ಪ್ರತಿಗಳನ್ನೂ ಡಿಸ್ಕಿನ ಆರಂಭದ ವಲಯದಲ್ಲಿ ಅಚ್ಚೊತ್ತುತ್ತಿದ್ದರು. ಪ್ಲೇಯರ್ ತನ್ನ ಕೀಲಿಯಿಂದ ಡಿಸ್ಕ್ ಕೀಲಿಯನ್ನು ತೆಗೆಯುತ್ತದೆ, ಅದರಿಂದ ಟೈಟಲ್ ಕೀಲಿಯನ್ನು, ಅದರಿಂದ ಚಿತ್ರವನ್ನು. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಇನ್ನೊಂದು.

ಲೆಕ್ಕಕ್ಕೆ ಕೀಲಿಯ ಉದ್ದ 40 ಬಿಟ್. ಅಂದರೆ ಸುಮಾರು 1 ಲಕ್ಷ 10 ಸಾವಿರ ಕೋಟಿ ಸಾಧ್ಯತೆಗಳು. ಆ ಕಾಲದ ಅಮೆರಿಕದ ರಫ್ತು ನಿಯಮಗಳು ಅದಕ್ಕಿಂತ ಉದ್ದದ ಕೀಲಿಗೆ ಸಲೀಸಾಗಿ ಒಪ್ಪಿಗೆ ಕೊಡುತ್ತಿರಲಿಲ್ಲ. ಆದರೆ ಸಂಖ್ಯೆ ಕಂಡಷ್ಟು ಗಟ್ಟಿ ಬೀಗವಾಗಿರಲಿಲ್ಲ. ಸೈಫರ್ ಒಳಗೆ 17 ಬಿಟ್‌ನ ಒಂದು, 25 ಬಿಟ್‌ನ ಇನ್ನೊಂದು, ಹೀಗೆ ಎರಡು ರಿಜಿಸ್ಟರ್‌ಗಳು ಓಡುತ್ತಿದ್ದವು. ಮೂಲ ದತ್ತಾಂಶದ ಒಂದಿಷ್ಟು ತುಣುಕು ಗೊತ್ತಿದ್ದರೆ ಚಿಕ್ಕ ರಿಜಿಸ್ಟರ್‌ನ 65,536 ಆರಂಭ ಸ್ಥಿತಿಗಳನ್ನು ಊಹಿಸಿದರೆ ಸಾಕು, ದೊಡ್ಡದರ ಸ್ಥಿತಿ ತಾನಾಗಿ ಸಿಗುತ್ತಿತ್ತು. ಪ್ರೋಗ್ರಾಮರ್ ಫ್ರಾಂಕ್ ಸ್ಟೀವನ್‌ಸನ್ 1999ರ ಕೊನೆಯಲ್ಲಿ ಇದನ್ನು ಬರೆದು ತೋರಿಸಿದ. ಯಾವ ಪ್ಲೇಯರ್ ಕೀಲಿಯೂ ಇಲ್ಲದೆ, ಸುಮಾರು ಮೂರೂವರೆ ಕೋಟಿ ಪ್ರಯತ್ನಗಳಲ್ಲಿ ಡಿಸ್ಕ್ ಕೀಲಿಯನ್ನೇ ಹೊರಗೆಳೆಯುವ ದಾರಿಯನ್ನೂ ಕೊಟ್ಟ. ಆಗಿನ ಮನೆ ಕಂಪ್ಯೂಟರಿಗೆ ಅದು ಒಂದು ನಿಮಿಷದೊಳಗಿನ ಕೆಲಸ.

ಇಲ್ಲಿ ಇನ್ನೊಂದು ಸಂಗತಿಯಿದೆ, ಪ್ರತಿವಾದಿಗಳ ಪರವಾಗಿ ತಂತ್ರಜ್ಞರು ಮತ್ತೆ ಮತ್ತೆ ಹೇಳಬೇಕಾಗಿ ಬಂದದ್ದು. ಡಿಸ್ಕ್ ಅಚ್ಚೊತ್ತುವ ಯಂತ್ರವಿರುವ ಕಳ್ಳನಿಗೆ ಬೀಗ ಬಿಚ್ಚುವ ಗರಜೇ ಇಲ್ಲ. ಇದ್ದ ಬಿಟ್‌ಗಳನ್ನು ಇದ್ದ ಹಾಗೆ ನಕಲಿಸಿದರೆ ಬೀಗವೂ ಕೀಲಿಯೂ ಒಟ್ಟಿಗೆ ನಕಲಾಗುತ್ತವೆ, ಯಾವ ಪ್ಲೇಯರಿನಲ್ಲಾದರೂ ಓಡುತ್ತವೆ. ಅಂಗಡಿಯಲ್ಲಿ ಸಿಗುವ ಖಾಲಿ ಡಿಸ್ಕಿನಲ್ಲಿ ಕೀಲಿಯ ವಲಯಕ್ಕೆ ಬರೆಯಲಾಗುವುದಿಲ್ಲವಾದ್ದರಿಂದ ಮನೆಯ ಬಳಕೆದಾರನಿಗೆ ಮಾತ್ರ ಅದು ಅಡ್ಡಿ. ಬೀಗ ನಕಲನ್ನು ಎಷ್ಟು ತಡೆಯುತ್ತದೆ, ಯಾವ ಯಂತ್ರದಲ್ಲಿ ನೋಡಬಹುದೆಂಬುದನ್ನು ಎಷ್ಟು ನಿಯಂತ್ರಿಸುತ್ತದೆ ಎಂಬ ಪ್ರಶ್ನೆ ಹುಟ್ಟುವುದೇ ಇದು ಗೊತ್ತಾದ ಮೇಲೆ. ಕಾನೂನು ಗ್ರಂಥದಲ್ಲಿ ಇದು ಸಿಗುವುದಿಲ್ಲ, ಡಿಸ್ಕಿನ ರಚನೆ ಬಲ್ಲವನೊಬ್ಬ ವಕೀಲರ ಪಕ್ಕ ಕುಳಿತು ಹೇಳಬೇಕು.

ಬಿಚ್ಚಿದವರು, ದಾವೆ ಹೂಡಿದವರು

1999ರ ಅಕ್ಟೋಬರಿನಲ್ಲಿ ಡಿಸಿಎಸ್‌ಎಸ್ ಹೊರಬಂತು. ಹೆಸರು ಬಹಿರಂಗವಾದವನು ನಾರ್ವೆಯ ಯೋನ್ ಲೆಕ್ ಯೋಹಾನ್ಸೆನ್, ಆಗ 15ರ ಹುಡುಗ. ಜೊತೆಗಿದ್ದ ಇತರರು ಹೆಸರು ಹೇಳಲಿಲ್ಲ. ಒಂದು ಕಂಪನಿಯ ಪ್ಲೇಯರ್ ತಂತ್ರಾಂಶ ತನ್ನ ಕೀಲಿಯನ್ನು ಸರಿಯಾಗಿ ಬಚ್ಚಿಟ್ಟಿರಲಿಲ್ಲ, ಬಾಗಿಲ ಚೌಕಟ್ಟಿನ ಮೇಲೆ ಕೀಲಿ ಇಟ್ಟು ಊರಿಗೆ ಹೋದ ಹಾಗೆ.

ಡಿಸೆಂಬರ್ 27ರಂದು ಸಿಎಸ್‌ಎಸ್ ಪರವಾನಗಿ ಕೊಡುವ ಡಿವಿಡಿ ಕಾಪಿ ಕಂಟ್ರೋಲ್ ಅಸೋಸಿಯೇಷನ್ ವ್ಯಾಪಾರ ರಹಸ್ಯ ಕದ್ದಿದ್ದಾರೆಂದು ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿತು. 2000ದ ಜನವರಿ 14ರಂದು ಸ್ಟುಡಿಯೋಗಳು ನ್ಯೂಯಾರ್ಕಿನಲ್ಲಿ, 1998ರ ಡಿಜಿಟಲ್ ಮಿಲೇನಿಯಮ್ ಕಾಪಿರೈಟ್ ಕಾಯ್ದೆಯಡಿ. ಅದೇ ತಿಂಗಳು ನಾರ್ವೆಯ ಪೊಲೀಸರು ಯೋಹಾನ್ಸೆನ್ ಮನೆ ಶೋಧಿಸಿದರು. ಮೂರು ಜಾಗ, ಮೂರು ಕಾನೂನು. ಒಂದೇ ತಾಂತ್ರಿಕ ಸಂಗತಿ ಮೂರು ಕಡೆ ಮೂರು ಬೇರೆ ಪ್ರಶ್ನೆಗಳಿಗೆ ಉತ್ತರವಾಗಬೇಕಿತ್ತು. ಸ್ವಯಂಸೇವಕರು ಮೊದಲು ಕೇಳಿ ತಿಳಿಯಬೇಕಾದದ್ದು ಇದನ್ನೇ: ಈ ನ್ಯಾಯಾಲಯ ತೀರ್ಮಾನಿಸಬೇಕಾದ ಪ್ರಶ್ನೆ ಯಾವುದು? ಅದು ಗೊತ್ತಿಲ್ಲದೆ ಬರೆದ ನೂರು ಪುಟಕ್ಕಿಂತ ಗೊತ್ತಿದ್ದು ಬರೆದ ಮೂರು ಪುಟ ಮೇಲು. ಸ್ಟೀವನ್‌ಸನ್ ಕ್ಯಾಲಿಫೋರ್ನಿಯಾದ ನ್ಯಾಯಾಲಯಕ್ಕೆ ಕೊಟ್ಟ ಪ್ರಮಾಣಪೂರ್ವಕ ಹೇಳಿಕೆ ಆ ಬಗೆಯದು. ಬೀಗ ಇಷ್ಟು ದುರ್ಬಲವಾಗಿದ್ದರೆ ಯಾರ ಗುಟ್ಟನ್ನೂ ಕದಿಯದೆ ಅದನ್ನು ಬಿಡಿಸಬಹುದಿತ್ತು ಎಂಬುದು ವ್ಯಾಪಾರ ರಹಸ್ಯದ ದಾವೆಯಲ್ಲಿ ನೇರವಾಗಿ ತಾಗುವ ಮಾತು. ನ್ಯೂಯಾರ್ಕಿನಲ್ಲಿ ಅದೇ ಮಾತಿಗೆ ಅಷ್ಟು ಬೆಲೆ ಬರಲಿಲ್ಲ. ಬೀಗ ಸಡಿಲವೋ ಬಿಗಿಯೋ, ಬಿಚ್ಚುವ ಸಾಧನ ಹಂಚುವುದೇ ತಪ್ಪು ಎಂಬುದು ಅಲ್ಲಿನ ಕಾಯ್ದೆ.

ಸಾಕ್ಷಿಕಟ್ಟೆಯಲ್ಲಿ ಗಣಕ ವಿಜ್ಞಾನಿ

ನ್ಯೂಯಾರ್ಕಿನಲ್ಲಿ ತೀರ್ಪುಗಾರರ ಮಂಡಳಿ ಇರಲಿಲ್ಲ, ಒಪ್ಪಿಸಬೇಕಾದದ್ದು ನ್ಯಾಯಾಧೀಶ ಲೂಯಿಸ್ ಕಪ್ಲಾನ್ ಒಬ್ಬರನ್ನೇ. ಕಾರ್ಲಿಯ ಪರ ವಕೀಲ ಮಾರ್ಟಿನ್ ಗಾರ್ಬಸ್. ಡಿಜಿಟಲ್ ಹಕ್ಕುಗಳ ಸಂಸ್ಥೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಬೆನ್ನಿಗೆ ನಿಂತಿತ್ತು. ಪ್ರತಿವಾದಿಗಳಿಗೆ ಸಾಬೀತು ಮಾಡಬೇಕಿದ್ದದ್ದು ಒಂದು ಸೂಕ್ಷ್ಮ ಸಂಗತಿ: ಪ್ರೋಗ್ರಾಂ ಎಂಬುದು ಯಂತ್ರದ ಬಿಡಿಭಾಗದಂತೆ ಕೆಲಸ ಮಾಡುತ್ತದೆ, ನಿಜ, ಆದರೆ ಅದು ಮನುಷ್ಯ ಮನುಷ್ಯನಿಗೆ ಬರೆದ ಮಾತೂ ಹೌದು. ಮಾತಾದರೆ ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯ ರಕ್ಷಣೆ ಅದಕ್ಕೆ ಸಿಗಬೇಕು.

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೇವಿಡ್ ಟುರೆಟ್ಸ್ಕಿ ಇದಕ್ಕೊಂದು ಉಪಾಯ ಮಾಡಿದ್ದರು. ಬೀಗ ಬಿಚ್ಚುವ ಅದೇ ವಿಧಾನವನ್ನು ಬೇರೆಬೇರೆ ರೂಪಗಳಲ್ಲಿ ಬರೆದು ಪ್ರದರ್ಶನಕ್ಕಿಟ್ಟಿದ್ದರು. ಒಂದು ಸಿ ಭಾಷೆಯ ಸೋರ್ಸ್ ಕೋಡ್. ಇನ್ನೊಂದು ಅದನ್ನೇ ಸಾದಾ ಇಂಗ್ಲಿಷಿನಲ್ಲಿ ಸಾಲುಸಾಲಾಗಿ ವಿವರಿಸಿದ್ದು. ಮತ್ತೊಂದು ಅವರೇ ಕಟ್ಟಿದ ಹೊಸ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಅದನ್ನು ಯಂತ್ರಕ್ಕೆ ಅರ್ಥವಾಗುವಂತೆ ತಿರುಗಿಸುವ ಕಂಪೈಲರೇ ಇಲ್ಲ. ಟೀ ಶರ್ಟಿನ ಮೇಲೆ ಅಚ್ಚಾದದ್ದೂ ಇತ್ತು. ಇವುಗಳಲ್ಲಿ ಯಾವುದನ್ನು ನಿಷೇಧಿಸುತ್ತೀರಿ? ಇಂಗ್ಲಿಷ್ ವಿವರಣೆಯನ್ನು ಯಾರಾದರೂ ಅರ್ಧ ದಿನದಲ್ಲಿ ಸಿ ಭಾಷೆಗೆ ತಿರುಗಿಸಬಹುದು. ಕಂಪೈಲರ್ ಇಲ್ಲದ ಭಾಷೆಗೆ ನಾಳೆ ಒಬ್ಬ ಕಂಪೈಲರ್ ಬರೆದರೆ ನಿನ್ನೆಯ ನಿರುಪದ್ರವಿ ಬರಹ ಇವತ್ತು ಅಪರಾಧವಾಗುತ್ತದೆಯೇ?

ಆಗ ಕಪ್ಲಾನ್, ಅದುವರೆಗೆ ಪ್ರತಿವಾದಿಗಳ ಕಡೆ ಬಿಗಿಯಾಗಿಯೇ ಇದ್ದವರು, ಕೋಡ್ ವಿಷಯದಲ್ಲಿ ಟುರೆಟ್ಸ್ಕಿಯವರ ಸಾಕ್ಷ್ಯದಿಂದ ಬಹಳ ತಿಳಿದುಕೊಂಡೆ, ಅದು ಮನವೊಲಿಸುವಂತಿದೆ ಎಂಬರ್ಥದ ಮಾತನ್ನು ನ್ಯಾಯಾಲಯದಲ್ಲೇ ಆಡಿದರು. ತೀರ್ಪಿನಲ್ಲಿ ಕೋಡ್ ಅಭಿವ್ಯಕ್ತಿಯೇ ಎಂದು ಒಪ್ಪಿಕೊಂಡರು. ಪ್ರತಿವಾದಿಗಳ ವಿರುದ್ಧವೇ ತೀರ್ಪು ಕೊಟ್ಟರು, ಅದು ಬೇರೆ ಮಾತು.

ನನಗೆ ಈ ಸಾಕ್ಷ್ಯದಲ್ಲಿ ಮೆಚ್ಚುಗೆಯಾಗುವುದು ಅದರ ಜಾಣತನಕ್ಕಿಂತ ಅದರ ಸಂಯಮ. ಟುರೆಟ್ಸ್ಕಿ ಕಾನೂನು ಬೋಧಿಸಲಿಲ್ಲ, ಸ್ಟುಡಿಯೋಗಳನ್ನು ಬಯ್ಯಲಿಲ್ಲ. ಒಂದೇ ಪ್ರಶ್ನೆಯನ್ನು ಹಿಡಿದು, ನ್ಯಾಯಾಧೀಶರು ಕಣ್ಣಾರೆ ನೋಡಿ ಹೋಲಿಸಬಹುದಾದ ವಸ್ತುಗಳನ್ನು ಮೇಜಿನ ಮೇಲಿಟ್ಟರು. ಪ್ರಿನ್ಸ್‌ಟನ್ನಿನ ಆಂಡ್ರ್ಯೂ ಆಪೆಲ್ ಮತ್ತು ಎಡ್ವರ್ಡ್ ಫೆಲ್ಟನ್ ಅವರೂ ಈ ಪ್ರಕರಣದಲ್ಲಿ ಪ್ರತಿವಾದಿಗಳ ಪರವಾಗಿ ನಿಂತ ವಿಜ್ಞಾನಿಗಳೇ.

ಟುರೆಟ್ಸ್ಕಿಯ ಸಂಗ್ರಹ ಮುಂದೆ ಬೆಳೆಯಿತು. ಹೈಕುಗಳ ಸರಣಿಯಾಗಿ ಬರೆದ ಡಿಸಿಎಸ್‌ಎಸ್ ಬಂತು. 2001ರಲ್ಲಿ ಪ್ರೋಗ್ರಾಮರ್ ಫಿಲ್ ಕಾರ್ಮಡಿ 1,401 ಅಂಕಿಗಳ ಒಂದು ಅವಿಭಾಜ್ಯ ಸಂಖ್ಯೆ ಕಂಡುಹಿಡಿದ, ಅದನ್ನು ಕಂಪ್ಯೂಟರಿನಲ್ಲಿ ಬಿಚ್ಚಿದರೆ ಅದೇ ಪ್ರೋಗ್ರಾಂ ಹೊರಬರುತ್ತಿತ್ತು. ಒಂದು ಸಂಖ್ಯೆಯೇ ಕಾನೂನುಬಾಹಿರವಾಗಬಲ್ಲದೇ ಎಂದು ಗಣಿತಜ್ಞರು ನಕ್ಕರು. ಚೆನ್ನಾದ ತಮಾಷೆ. ಆದರೆ ಕಟಕಟೆಯಲ್ಲಿ ಕೆಲಸಕ್ಕೆ ಬಂದದ್ದು ಆ ಮೊದಲಿನ ನಾಲ್ಕಾರು ಸಪ್ಪೆ ಉದಾಹರಣೆಗಳು.

ಎದುರಾಳಿಯ ಪ್ರಯೋಗವನ್ನು ಬಿಡಿಸಿ ನೋಡುವುದು

ಸ್ಟುಡಿಯೋಗಳ ತಜ್ಞ ಸಾಕ್ಷಿ ಮೈಕೆಲ್ ಶಾಮೋಸ್ ಕೂಡ ಕಾರ್ನೆಗಿ ಮೆಲನ್‌ನವರೇ. ಒಂದೇ ವಿಶ್ವವಿದ್ಯಾಲಯದ ಇಬ್ಬರು ಎದುರುಬದುರಾಗಿ ಸಾಕ್ಷಿ ಹೇಳಿದರು. ಶಾಮೋಸ್ ‘ಸ್ಲೀಪ್‌ಲೆಸ್ ಇನ್ ಸಿಯಾಟಲ್’ ಡಿಸ್ಕನ್ನು ಡಿಸಿಎಸ್‌ಎಸ್‌ನಿಂದ ಬಿಚ್ಚಿ, ಡಿವ್‌ಎಕ್ಸ್ ಎಂಬ ತಂತ್ರಾಂಶದಿಂದ ಕುಗ್ಗಿಸಿ, ಅಂತರ್ಜಾಲದಲ್ಲಿ ಅಪರಿಚಿತನೊಬ್ಬನ ಜೊತೆ ‘ದಿ ಮ್ಯಾಟ್ರಿಕ್ಸ್’ಗೆ ಅದಲುಬದಲು ಮಾಡಿಕೊಂಡರು. ರವಾನೆಗೆ ಸುಮಾರು ಆರು ಗಂಟೆ ಹಿಡಿಯಿತು.

ಇಂಥ ಪ್ರಯೋಗ ಎದುರಾದಾಗ ಪಾಟೀಸವಾಲಿಗೆ ವಕೀಲರನ್ನು ಸಿದ್ಧಗೊಳಿಸುವುದು ತಂತ್ರಜ್ಞರ ಕೈಯಲ್ಲಿರುವ ಅತಿ ಉಪಯುಕ್ತ ಕೆಲಸ, ಅತಿ ಅನಾಮಧೇಯವಾದದ್ದೂ ಅದೇ. ಯಾವ ಯಂತ್ರ, ಎಂಥ ಸಂಪರ್ಕ? ಮನೆಯ ಮೋಡೆಮ್ಮಿನಲ್ಲಿ ಇದೇ ಕೆಲಸಕ್ಕೆ ಎಷ್ಟು ದಿನ ಬೇಕು? ಬಂದ ‘ಮ್ಯಾಟ್ರಿಕ್ಸ್’ ಡಿಸಿಎಸ್‌ಎಸ್‌ನಿಂದಲೇ ಬಿಚ್ಚಿದ್ದೆಂದು ಹೇಗೆ ಗೊತ್ತು? ಬೀಗ ಬಿಚ್ಚುವ ಬೇರೆ ಸಾಧನಗಳೂ ಆಗ ಓಡಾಡುತ್ತಿದ್ದವು. ಬಿಚ್ಚಿದ ಕಡತದ ಮೇಲೆ ಯಾವ ಸಾಧನ ಬಳಸಿದರೆಂಬ ಗುರುತು ಉಳಿಯುವುದಿಲ್ಲ. ಪ್ರಶ್ನೆ ಕೇಳುವವರು ವಕೀಲರೇ, ಆದರೆ ಅದನ್ನು ಬರೆದುಕೊಡಲು ಬಲ್ಲವನು ಅದೇ ಪ್ರಯೋಗವನ್ನು ತಾನೂ ಮಾಡಿ ನೋಡಿದವನು.

ತಮ್ಮ ಪಕ್ಷದ ವಾದವನ್ನೂ ಇಷ್ಟೇ ನಿರ್ದಯೆಯಿಂದ ಪರೀಕ್ಷಿಸಬೇಕು. ಲಿನಕ್ಸ್ ಬಳಸುವವರಿಗೆ ಡಿವಿಡಿ ನೋಡಲು ಅಧಿಕೃತ ಪ್ಲೇಯರ್ ಇರಲಿಲ್ಲ, ಅದಕ್ಕಾಗಿ ಡಿಸಿಎಸ್‌ಎಸ್ ಹುಟ್ಟಿತು ಎಂಬುದು ಪ್ರತಿವಾದಿಗಳ ವಾದ. ಹಾಗಾದರೆ ಅದು ವಿಂಡೋಸ್ ಪ್ರೋಗ್ರಾಂ ಆಗಿ ಬಂದದ್ದೇಕೆ? ಆಗ ಲಿನಕ್ಸಿಗೆ ಡಿವಿಡಿಯ ಕಡತ ವ್ಯವಸ್ಥೆಯನ್ನು ಓದಲು ಬರುತ್ತಿರಲಿಲ್ಲ, ಪರೀಕ್ಷಿಸಲು ವಿಂಡೋಸೇ ಬೇಕಿತ್ತು ಎಂದು ಯೋಹಾನ್ಸೆನ್ ನ್ಯೂಯಾರ್ಕಿಗೆ ಬಂದು ಸಾಕ್ಷಿ ಹೇಳಿದ. ತಾಂತ್ರಿಕವಾಗಿ ಸಮರ್ಪಕ ಉತ್ತರ. ಕಪ್ಲಾನ್ ಅವರಿಗೆ ಅದು ಸಾಲಲಿಲ್ಲ. ಉದ್ದೇಶ ಏನೇ ಇರಲಿ, ಕಾರ್ಲಿ ಹಂಚಿದ್ದು ಬೀಗ ಬಿಚ್ಚುವ ಸಾಧನ ಎಂದರು.

ಹಳೆಯ ಜಾಡು

ಕೋಡ್ ಮಾತೇ ಎಂಬ ವಾದ ಟುರೆಟ್ಸ್ಕಿಯವರಿಂದ ಶುರುವಾದದ್ದಲ್ಲ. ಬರ್ಕ್ಲಿಯ ವಿದ್ಯಾರ್ಥಿ ಡೇನಿಯಲ್ ಬರ್ನ್‌ಸ್ಟೀನ್ ‘ಸ್ನಫಲ್’ ಎಂಬ ಸೈಫರ್ ಬರೆದಿದ್ದ. ಆಗ ಅಮೆರಿಕದ ಸರ್ಕಾರದ ಲೆಕ್ಕದಲ್ಲಿ ಎನ್‌ಕ್ರಿಪ್ಷನ್ ತಂತ್ರಾಂಶ ಮದ್ದುಗುಂಡುಗಳ ಪಟ್ಟಿಗೆ ಸೇರಿತ್ತು, ಪ್ರಕಟಿಸಬೇಕಾದರೆ ರಫ್ತು ಪರವಾನಗಿ ಬೇಕಿತ್ತು. ಆದರೆ ಯಾವುದೇ ಕಡತದಿಂದ ನಿಗದಿತ ಉದ್ದದ ಗುರುತು ಸಂಖ್ಯೆ ತೆಗೆಯುವ ಹ್ಯಾಶ್ ಫಂಕ್ಷನ್‌ಗೆ ಆ ನಿರ್ಬಂಧವಿರಲಿಲ್ಲ. ಸ್ನಫಲ್ ಮಾಡುತ್ತಿದ್ದದ್ದು ಯಾವುದೇ ಹ್ಯಾಶ್ ಫಂಕ್ಷನ್ನನ್ನು ಸೈಫರ್ ಆಗಿ ಪರಿವರ್ತಿಸುವುದನ್ನು. ಕಬ್ಬಿಣ ಮಾರಬಹುದು, ಕತ್ತಿ ಮಾಡುವ ವಿಧಾನ ಹೇಳಬಾರದು ಎಂಬಂಥ ನಿಯಮದ ಪೊಳ್ಳನ್ನು ಆ ಪ್ರೋಗ್ರಾಂ ತನ್ನ ರಚನೆಯಿಂದಲೇ ತೋರಿಸುತ್ತಿತ್ತು. 1995ರಲ್ಲಿ ದಾವೆ ಹೂಡಿದ ವಕೀಲೆ ಸಿಂಡಿ ಕಾನ್. 1996ರ ಏಪ್ರಿಲ್‌ನಲ್ಲಿ ನ್ಯಾಯಾಧೀಶೆ ಮೆರಿಲಿನ್ ಹಾಲ್ ಪಟೇಲ್ ಸೋರ್ಸ್ ಕೋಡ್ ಕೂಡ ಭಾಷೆಯೇ ಎಂದರು. 1999ರ ಮೇನಲ್ಲಿ ಮೇಲ್ಮನವಿ ಪೀಠವೂ ಬರ್ನ್‌ಸ್ಟೀನ್ ಪರ ನಿಂತಿತು, ಆ ತೀರ್ಪು ದೊಡ್ಡ ಪೀಠದ ಮರುಪರಿಶೀಲನೆಗೆ ಹೋಗುವಷ್ಟರಲ್ಲಿ ಸರ್ಕಾರ ನಿಯಮವನ್ನೇ ಸಡಿಲಿಸಿತು.

ವಾದದ ಬದಲು ಯಂತ್ರವನ್ನೇ ಮುಂದಿಟ್ಟ ಉದಾಹರಣೆಯೂ ಇದೆ. 56 ಬಿಟ್ ಕೀಲಿಯ ಡಿಇಎಸ್ ಎಂಬ ಸೈಫರ್ ಸಾಕಷ್ಟು ಭದ್ರ ಎಂದು ಸರ್ಕಾರ ಹೇಳುತ್ತಲೇ ಇದ್ದಾಗ, ಜಾನ್ ಗಿಲ್ಮೋರ್ ಮತ್ತು ಪಾಲ್ ಕೋಚರ್ ಮುಂದಾಳತ್ವದಲ್ಲಿ ಫ್ರಾಂಟಿಯರ್ ಫೌಂಡೇಶನ್ 2,50,000 ಡಾಲರಿಗಿಂತ ಕಡಿಮೆ ಖರ್ಚಿನಲ್ಲಿ ‘ಡೀಪ್ ಕ್ರ್ಯಾಕ್’ ಯಂತ್ರ ಕಟ್ಟಿತು. 1998ರ ಜುಲೈನಲ್ಲಿ ಅದು ಡಿಇಎಸ್ ಕೀಲಿಯೊಂದನ್ನು 56 ಗಂಟೆಗಳಲ್ಲಿ ಹುಡುಕಿತು. ಅದರ ವಿನ್ಯಾಸವನ್ನು ಅವರು ಪುಸ್ತಕವಾಗಿ ಅಚ್ಚು ಹಾಕಿಸಿದರು. ಫ್ಲಾಪಿಯಲ್ಲಿ ಕಳಿಸಿದರೆ ರಫ್ತು ಅಪರಾಧ, ಅದೇ ಕೋಡನ್ನು ಕಾಗದದ ಮೇಲೆ ಕಳಿಸಿದರೆ ಯಾರೂ ಕೇಳುವಂತಿರಲಿಲ್ಲ.

ಬಾಗಿಲು ತೆರೆದ ವಕೀಲಿಕೆ

ಹಾರ್ವರ್ಡ್ ಕಾನೂನು ಶಾಲೆಯ ಬರ್ಕ್‌ಮನ್ ಕೇಂದ್ರ ‘ಓಪನ್‌ಲಾ’ ಎಂಬ ಪ್ರಯೋಗ ಮಾಡಿತ್ತು. ಮುಕ್ತ ತಂತ್ರಾಂಶ ಬರೆದ ಹಾಗೆ ಕಾನೂನು ವಾದವನ್ನೂ ಎಲ್ಲರ ಕಣ್ಣೆದುರೇ ಕಟ್ಟುವುದು. ಹಕ್ಕುಸ್ವಾಮ್ಯದ ಅವಧಿ ಹೆಚ್ಚಿಸಿದ ಕಾಯ್ದೆಯ ವಿರುದ್ಧ ಶುರುವಾದ ಈ ಕೆಲಸವನ್ನು 2000ದಲ್ಲಿ ಡಿವಿಡಿ ಪ್ರಕರಣಕ್ಕೂ ವಿಸ್ತರಿಸಿದರು. ವೆಂಡಿ ಸೆಲ್ಟ್ಸರ್ ಇದನ್ನು ನಡೆಸಿಕೊಂಡು ಬಂದರು. ಪ್ರೋಗ್ರಾಮರ್‌ಗಳು ಸಿಎಸ್‌ಎಸ್ ಬಗ್ಗೆ ಪ್ರಶ್ನೋತ್ತರ ಬರೆದರು, ಎದುರಾಳಿಯ ಅರ್ಜಿಗಳಲ್ಲಿದ್ದ ತಾಂತ್ರಿಕ ತಪ್ಪುಗಳನ್ನು ಹೆಕ್ಕಿದರು. ಇದರಲ್ಲಿ ಒಂದು ಅನಿವಾರ್ಯ ತೊಡಕಿದೆ: ನಿಮ್ಮ ಯೋಚನೆಯನ್ನು ಎದುರು ಪಕ್ಷದವರೂ ಓದುತ್ತಿರುತ್ತಾರೆ. ಸಂಗತಿ ಸಂಗ್ರಹಕ್ಕೆ ಈ ವಿಧಾನ ಹೇಳಿ ಮಾಡಿಸಿದ್ದು, ತಂತ್ರಗಾರಿಕೆಗೆ ಹೊಂದದು.

ಎಡವುವ ಜಾಗಗಳು

ಮೊದಲ ಎಡವಟ್ಟು ವಾದಿಗಳದ್ದೇ. ಕ್ಯಾಲಿಫೋರ್ನಿಯಾದಲ್ಲಿ ಗುಟ್ಟು ಬಯಲಾಗಿದೆ ಎಂದು ದಾವೆ ಹೂಡಿದವರು ಆ ಗುಟ್ಟಿನ ಕೋಡನ್ನೇ ತಮ್ಮ ಕಾಗದಪತ್ರದ ಜೊತೆ ಗೋಪ್ಯ ಮುದ್ರೆ ಒತ್ತದೆ ಸಲ್ಲಿಸಿದರು, ಅದು ಸಾರ್ವಜನಿಕ ದಾಖಲೆಯಾಯಿತು. ಆಮೇಲೆ ಓಡಿಹೋಗಿ ಮುದ್ರೆ ಹಾಕಿಸಿದರು. ಕೋಡ್ ಓದಬಲ್ಲ ಒಬ್ಬನಾದರೂ ಕಡತವನ್ನು ಕೊನೆಯ ಬಾರಿ ತಿರುವಿ ಹಾಕಿದ್ದರೆ ಹೀಗಾಗುತ್ತಿರಲಿಲ್ಲ.

ಸ್ವಯಂಸೇವಕರು ಎಡವುವುದು ಹೆಚ್ಚಾಗಿ ಉತ್ಸಾಹದಿಂದ. ತಡೆಯಾಜ್ಞೆ ಬಂದ ಮೇಲೂ ಕೋಡ್ ಹಂಚಿ ಪ್ರತಿಭಟಿಸುವುದು ಬೇರೆ, ಪ್ರತಿವಾದಿಗೆ ನೆರವಾಗುವುದು ಬೇರೆ. ಕೋಡ್ ಅಚ್ಚಾದ ಟೀ ಶರ್ಟ್ ಮಾರಿದ ಕಂಪನಿಯೂ ಕೊನೆಗೆ ಪ್ರತಿವಾದಿಗಳ ಸಾಲಿಗೆ ಸೇರಿತು. ಕಾರ್ಲಿ ತನ್ನ ತಾಣದಿಂದ ಕೋಡ್ ತೆಗೆದು ಬೇರೆ ತಾಣಗಳ ಕೊಂಡಿಗಳನ್ನು ಹಾಕಿದ್ದೂ ಕಪ್ಲಾನ್ ಅವರ ಕಣ್ಣಿಗೆ ಬಿತ್ತು, ಆದೇಶ ಕೊಂಡಿಗಳಿಗೂ ವಿಸ್ತರಿಸಿತು.

ಇನ್ನು, ವಕೀಲರಿಗೆ ಖಾಸಗಿಯಾಗಿ ಸಲಹೆ ಕೊಡುವವರನ್ನೂ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವರನ್ನೂ ಅಮೆರಿಕದ ನಿಯಮಗಳು ಬೇರೆಬೇರೆಯಾಗಿ ನೋಡುತ್ತವೆ. ಸಾಕ್ಷಿ ಹೇಳುವವರ ಕೆಲವು ಟಿಪ್ಪಣಿ, ಪತ್ರಗಳನ್ನು ಎದುರು ಪಕ್ಷ ಕೇಳಿ ಪಡೆಯಬಹುದು. ಹಾಗಾಗಿ ನಾನು ಯಾವ ಪಾತ್ರದಲ್ಲಿದ್ದೇನೆ ಎಂದು ಮೊದಲ ದಿನವೇ ಬರವಣಿಗೆಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಮೂಲ ಸಾಕ್ಷ್ಯವನ್ನು ಮುಟ್ಟುವುದಂತೂ ಕೂಡದು. ನಕಲಿನ ಮೇಲೆ ಕೆಲಸ ಮಾಡಬೇಕು, ಮಾಡಿದ್ದನ್ನು ದಿನಾಂಕ ಹಾಕಿ ಬರೆದಿಡಬೇಕು.

ಮೂರು ತೀರ್ಪುಗಳು

2000ದ ಆಗಸ್ಟ್ 17ರಂದು ನ್ಯೂಯಾರ್ಕಿನಲ್ಲಿ ಕಾರ್ಲಿ ಸೋತ. 2001ರ ನವೆಂಬರ್ 28ರಂದು ಮೇಲ್ಮನವಿಯಲ್ಲೂ ಸೋತ. ಕೋಡ್ ಮಾತು ಹೌದು, ಆದರೆ ಅದು ಮಾಡುವ ಕೆಲಸವನ್ನು ನಿಯಂತ್ರಿಸಬಹುದು ಎಂದಿತು ಪೀಠ. ನಾರ್ವೆಯಲ್ಲಿ 2003ರ ಜನವರಿಯಲ್ಲಿ ಯೋಹಾನ್ಸೆನ್ ಖುಲಾಸೆಯಾದ. ತಾನು ದುಡ್ಡು ಕೊಟ್ಟು ತಂದ ಡಿಸ್ಕನ್ನು ನೋಡುವುದು ಅನ್ಯರ ದತ್ತಾಂಶಕ್ಕೆ ಕನ್ನ ಹಾಕಿದಂತಲ್ಲ ಎಂಬ ನಿಲುವು ಅದೇ ಡಿಸೆಂಬರಿನ ಮೇಲ್ಮನವಿಯಲ್ಲೂ ಉಳಿಯಿತು. ಕ್ಯಾಲಿಫೋರ್ನಿಯಾದ ಪ್ರಕರಣ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಗಿ ಮರಳಿ, 2004ರ ಫೆಬ್ರವರಿಯಲ್ಲಿ ಮುಗಿಯಿತು. ಅಷ್ಟು ಹೊತ್ತಿಗೆ ಎಲ್ಲೆಡೆ ಹರಡಿದ್ದನ್ನು ರಹಸ್ಯವೆಂದು ಕರೆಯಲು ಆಧಾರವಿಲ್ಲವೆಂದು ತಡೆಯಾಜ್ಞೆ ಬಿದ್ದುಹೋಯಿತು.

ನಮ್ಮ ನ್ಯಾಯಾಲಯಗಳಲ್ಲಿ

ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ 65ಎ ಕಲಂ ಸೇರಿತು. ಇಲ್ಲಿ ಬೀಗ ಬಿಚ್ಚಿದರಷ್ಟೇ ಅಪರಾಧವಾಗುವುದಿಲ್ಲ, ಹಕ್ಕು ಉಲ್ಲಂಘಿಸುವ ಉದ್ದೇಶವೂ ಇರಬೇಕು. ನ್ಯಾಯಬದ್ಧವಾಗಿ ಪಡೆದ ಪ್ರತಿಯ ಮೇಲೆ ಎನ್‌ಕ್ರಿಪ್ಷನ್ ಸಂಶೋಧನೆ ನಡೆಸುವುದಕ್ಕೆ ವಿನಾಯಿತಿಯನ್ನು ಅದೇ ಕಲಂ ಹೆಸರಿಸಿಯೇ ಹೇಳಿದೆ. ಬೇರೆಯವರಿಗೆ ಬೀಗ ಬಿಚ್ಚಲು ನೆರವಾದವರು ಯಾರಿಗೆ, ಯಾತಕ್ಕೆ ಎಂಬ ದಾಖಲೆ ಇಟ್ಟಿರಬೇಕು. ದಿನಾಂಕ ಹಾಕಿ ಬರೆದಿಡುವ ರೂಢಿ ಇಲ್ಲಿ ನೇರವಾಗಿ ಕಾನೂನಿನ ಅಗತ್ಯವೇ ಆಗುತ್ತದೆ.

ನಮ್ಮಲ್ಲಿ ಎನ್‌ಕ್ರಿಪ್ಷನ್ ಕಟಕಟೆ ಹತ್ತುವುದು ಸಿನಿಮಾ ಡಿಸ್ಕಿಗಿಂತ ಹೆಚ್ಚಾಗಿ ವಶಪಡಿಸಿಕೊಂಡ ಮೊಬೈಲಿನ ರೂಪದಲ್ಲಿ. ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್‌ನ ಒಂದು ತೀರ್ಪಿನಲ್ಲಿ, ಪಾಸ್‌ವರ್ಡ್ ಕೊಡುವಂತೆ ನ್ಯಾಯಾಲಯ ಆದೇಶಿಸುವುದು ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿ ಹೇಳಿಸಿದಂತಲ್ಲ ಎಂದಿತು. ಜೊತೆಗೆ ಸಾಧನವನ್ನು ಹೇಗೆ ವಶಪಡಿಸಿಕೊಳ್ಳಬೇಕೆಂಬ ಸೂಚನೆಗಳನ್ನೂ ಕೊಟ್ಟಿತು, ಮೊಬೈಲನ್ನು ಸಿಗ್ನಲ್ ತಾಗದ ಫ್ಯಾರಡೆ ಚೀಲದಲ್ಲಿ ಇಡುವುದರವರೆಗೆ. ಪಂಚನಾಮೆಯನ್ನು ಈ ಸೂಚನೆಗಳ ಜೊತೆ ತಾಳೆ ನೋಡುವುದು ತಂತ್ರಜ್ಞ ಗೆಳೆಯನೊಬ್ಬ ವಕೀಲರಿಗೆ ಒಂದು ಸಂಜೆಯಲ್ಲಿ ಮಾಡಿಕೊಡಬಹುದಾದ ಕೆಲಸ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕೆನ್ನುತ್ತದೆ. ನಮೂನೆಯಲ್ಲಿ ಎರಡು ಭಾಗ, ಎರಡನೆಯದನ್ನು ತಜ್ಞರೇ ತುಂಬಬೇಕು. ಎರಡರಲ್ಲೂ ಹ್ಯಾಶ್ ಮೌಲ್ಯ ಬರೆದು, ಎಂಡಿ5, ಎಸ್‌ಎಚ್‌ಎ1, ಎಸ್‌ಎಚ್‌ಎ256 ಮುಂತಾದವುಗಳಲ್ಲಿ ಯಾವುದೆಂದು ಗುರುತು ಹಾಕಬೇಕು. ಎಂಡಿ5ರಲ್ಲಿ ಒಂದೇ ಹ್ಯಾಶ್ ಇರುವ ಎರಡು ಕಡತಗಳನ್ನು ಸೃಷ್ಟಿಸಬಹುದೆಂದು 2004ರಲ್ಲೂ, ಎಸ್‌ಎಚ್‌ಎ1ರಲ್ಲಿ 2017ರಲ್ಲೂ ಸಂಶೋಧಕರು ಮಾಡಿ ತೋರಿಸಿದರು. ಆರೋಪಿಯ ಪರ ವಕೀಲರು ಇದನ್ನು ಕೇಳಿದ ಕೂಡಲೇ ಸಾಕ್ಷ್ಯ ತಿದ್ದಿರಬಹುದೆಂದು ವಾದಿಸಲು ಎದ್ದು ನಿಲ್ಲುತ್ತಾರೆ. ಆಗ ಪಕ್ಕದಲ್ಲಿರುವ ತಂತ್ರಜ್ಞ ಅವರ ಕೋಟಿನ ತೋಳು ಹಿಡಿದು ಕೂರಿಸಬೇಕಾಗುತ್ತದೆ: ಎರಡೂ ಕಡತಗಳನ್ನು ಒಬ್ಬನೇ ಮೊದಲಿಂದ ರೂಪಿಸಿದ್ದರೆ ಮಾತ್ರ ಈ ಆಟ ನಡೆಯುತ್ತದೆ, ಆಗಲೇ ಇರುವ ಒಂದು ಕಡತದ ಹ್ಯಾಶಿಗೆ ಹೊಂದುವ ಬೇರೊಂದನ್ನು ಹುಟ್ಟಿಸುವುದನ್ನು ಯಾರೂ ಇನ್ನೂ ಮಾಡಿ ತೋರಿಸಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಮೊಬೈಲ್ ಕೈಗೆ ಬಂದದ್ದು ಯಾವಾಗ, ಹ್ಯಾಶ್ ತೆಗೆದದ್ದು ಯಾವಾಗ, ನಡುವೆ ಅದು ಎಷ್ಟು ದಿನ ಯಾರ ಬೀರುವಿನಲ್ಲಿತ್ತು?